ಬಹ್ರೇನ್‌ ಬದುಕುವುದು ಯಾವುದರಿಂದ?

ಪ್ರಶ್ನೆ: ದುಡಿಯಲು ಬಹ್ರೇನ್‌ಗೆ ಹೋದವರು ದಿನವೂ ವಿಡಿಯೊ ಕರೆ ಮಾಡುತ್ತಾರೆ. ಅಷ್ಟು ಚಿಕ್ಕ ದೇಶದ ಆದಾಯ ಯಾವುದು? ಕರೆ ನಮಗೆ ತಲುಪುವುದು ಹೇಗೆ?
– ಓದುಗರೊಬ್ಬರು, ರಂಗಂಪೇಟೆ

ಉತ್ತರ: ಚಿಕ್ಕದು ನಿಜ. ನಮ್ಮ ಯಾದಗಿರಿ ಜಿಲ್ಲೆಯ ಏಳನೇ ಒಂದು ಭಾಗದಷ್ಟೇ ಇದೆ. ಹಿಂದೆ ಮುತ್ತೇ ಅದರ ಜೀವಾಳ; ಮುಳುಗುಗಾರರು ಉಸಿರು ಬಿಗಿಹಿಡಿದು ಸಮುದ್ರದ ತಳದಿಂದ ಚಿಪ್ಪು ತರುತ್ತಿದ್ದರು. ಜಪಾನಿನ ಕೃಷಿಮುತ್ತು ಆ ವ್ಯಾಪಾರವನ್ನು ನೆಲಕಚ್ಚಿಸಿತು. 1932ರಲ್ಲಿ ತೈಲ ಸಿಕ್ಕಿದ್ದು ದೇಶದ ಪುಣ್ಯ. ಆದರೆ ನಿಕ್ಷೇಪ ದೊಡ್ಡದಲ್ಲವೆಂದು ಅಲ್ಲಿನವರಿಗೆ ಬೇಗ ತಿಳಿಯಿತು. ಹಾಗಾಗಿ 1971ರಲ್ಲೇ ಅಲ್ಯೂಮಿನಿಯಂ ಉತ್ಪಾದನೆ ಶುರುವಾಯಿತು, ಬ್ಯಾಂಕುಗಳು ಬಂದವು, 1986ರಲ್ಲಿ ಸೌದಿಗೆ 25 ಕಿ.ಮೀ. ಸೇತುವೆದಾರಿ ತೆರೆಯಿತು. ಈ ದೂರದೃಷ್ಟಿ ಮೆಚ್ಚಬೇಕಾದದ್ದು. ಆದರೂ ಸರ್ಕಾರದ ಬೊಕ್ಕಸ ತುಂಬುವುದು ಇಂದಿಗೂ ಹೆಚ್ಚಾಗಿ ತೈಲದಿಂದಲೇ.

ಇನ್ನು ಕರೆಯ ವಿಷಯ. ಅದು ಉಪಗ್ರಹದ ಮೂಲಕ ಬರುತ್ತದೆಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಮಾತು, ಮುಖ ಎರಡೂ ಬೆಳಕಿನ ಮಿಡಿತಗಳಾಗಿ ಸಮುದ್ರದಡಿಯ ಗಾಜಿನೆಳೆಯ ಕೇಬಲ್‌ನಲ್ಲಿ ಹರಿದು ಭಾರತದ ಕರಾವಳಿ ಮುಟ್ಟುತ್ತವೆ. ಅಲ್ಲಿಂದ ನೆಲದ ಕೇಬಲ್, ಕೊನೆಗೆ ನಿಮ್ಮೂರಿನ ಟವರ್. ಬಹ್ರೇನ್‌ನಲ್ಲಿ ಮೊದಲು ಬಟೆಲ್ಕೊ ಎಂಬ ಒಂದೇ ದೂರಸಂಪರ್ಕ ಕಂಪನಿಯಿತ್ತು, 2003ರ ಕೊನೆಗೆ ಮೊಬೈಲ್ ಸೇವೆಗೆ ಪೈಪೋಟಿ ಬಂತು. 2019ರಲ್ಲಿ ಅಮೆಜಾನ್ ತನ್ನ ದತ್ತಾಂಶ ಕೇಂದ್ರಗಳನ್ನೂ ಅಲ್ಲಿ ತೆರೆಯಿತು.

ಇನ್ನೊಂದು ಸಂಗತಿ ನಿಮಗೆ ಖುಷಿ ಕೊಟ್ಟೀತು: 1965ರಲ್ಲಿ ದಿನಾರ್ ಬರುವವರೆಗೆ ಬಹ್ರೇನ್‌ನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಹತ್ತು ರೂಪಾಯಿಗೆ ಒಂದು ದಿನಾರ್‌ನಂತೆ ಅದನ್ನು ಬದಲಿಸಿಕೊಟ್ಟರು.