ಸ್ಲ್ಯಾಬ್ ಮನೆಗೂ ಬೇಕು ಒಂದು ಕತ್ತಲ ಕೋಣೆ: ಹಳೆ ಮಾಳಿಗಿ ಮನೆಯ ತಂಪಿನ ಲೆಕ್ಕ

ತಿಕೋಟಾ: ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿಸಿದ ಸ್ಲ್ಯಾಬ್ ಮನೆಯಲ್ಲಿ ಫ್ಯಾನ್ ಹಚ್ಚಿದರೆ ಮೇಲಿಂದ ಬಿಸಿಗಾಳಿಯೇ ಇಳಿಯುತ್ತದೆ. ಮನೆಯ ಹಿರಿಯರು ಚಾಪಿ, ದಿಂಬು ಹಿಡಕೊಂಡು ಪಕ್ಕದ ಹಳೆ ಮಾಳಿಗಿ ಮನೆಯ ಒಳಕೋಣೆಗೆ ಹೋಗಿ ಮಲಗುತ್ತಾರೆ. ಹೊನವಾಡ, ಕನಮಡಿ, ಬಿಜ್ಜರಗಿ, ಬಾಬಾನಗರ ಕಡೆಯವರಿಗೆ ಇದು ಹೊಸ ಸುದ್ದಿ ಏನಲ್ಲ.

ಆದರೆ ಆ ಹಳೆ ಮನೆಗಳು ಒಂದೊಂದಾಗಿ ಬೀಳುತ್ತಿವೆ, ಇಲ್ಲವೆ ಕೆಡವಲಾಗುತ್ತಿದೆ. ಅವುಗಳ ಜೊತೆಗೆ ಕತ್ತಲ ಕೋಣೆಯೂ ಹೋಗುತ್ತಿದೆ. ಹೊಸ ಮನೆಯ ನಕಾಶೆಯಲ್ಲಿ ಹಾಲ್ ಇದೆ, ಕಿಚನ್ ಇದೆ, ಅಟ್ಯಾಚ್ಡ್ ಬಾತ್‌ರೂಮ್ ಇದೆ. ಬಿಸಿಲು ಹೊತ್ತಿನಲ್ಲಿ ಮೈ ಚೆಲ್ಲುವ ಜಾಗ ಎಲ್ಲಿ ಎಂದು ಕೇಳಿದರೆ ಉತ್ತರ ಇಲ್ಲ.

ಮಣ್ಣಿನ ಮಾಳಿಗಿ ಮಾಡುವ ಕೆಲಸ

ಹಳೆ ಮನೆಯ ಗೋಡೆ ಎರಡು, ಕೆಲವು ಕಡೆ ಮೂರು ಅಡಿ ದಪ್ಪ. ಕಲ್ಲು, ಮಣ್ಣಿನದು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ತುಂಡು, ಸೊಪ್ಪು, ಕೊನೆಗೆ ದಪ್ಪಗೆ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣು ಹಾಕುವ ರೂಢಿ. ಸೋಡಿಯಂ ಹೆಚ್ಚಿರುವ ಈ ಮಣ್ಣು ನೀರು ಬಿದ್ದ ಕೂಡಲೇ ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ಮಳೆ ನೀರು ಕೆಳಗೆ ಇಳಿಯುವುದು ಕಡಿಮೆ. ಬೆಳೆಗೆ ಬಾರದ ಮಣ್ಣು ಮನೆಗೆ ಬಂತು.

ಇಷ್ಟು ದಪ್ಪದ ಮಣ್ಣನ್ನು ದಾಟಿ ಬಿಸಿಲಿನ ಕಾವು ಒಳಗೆ ಬರಲು ಹತ್ತು ತಾಸಿನ ಮೇಲೇ ಬೇಕು. ಮಧ್ಯಾಹ್ನದ ಕಾವು ಒಳಗೆ ಮುಟ್ಟುವ ಹೊತ್ತಿಗೆ ಹೊರಗೆ ರಾತ್ರಿ ಆಗಿ ಗಾಳಿ ತಣ್ಣಗಾಗಿರುತ್ತದೆ. ವಿಜಯಪುರದ ಕಡೆ ಹಗಲು 40 ಇದ್ದರೂ ರಾತ್ರಿ 25ರ ಆಸುಪಾಸಿಗೆ ಇಳಿಯುತ್ತದಲ್ಲ, ಆ ತಂಪನ್ನು ಗೋಡೆ ಹಿಡಿದಿಟ್ಟುಕೊಂಡು ಮರುದಿನ ಮಧ್ಯಾಹ್ನ ಕೊಡುತ್ತದೆ.

ನಾಲ್ಕೈದು ಇಂಚಿನ ಸ್ಲ್ಯಾಬಿನ ಕಥೆ ಉಲ್ಟಾ. ಮಧ್ಯಾಹ್ನ ಹೀರಿದ ಕಾವನ್ನು ಸಂಜೆಗೇ ಒಳಗೆ ಬಿಡಲು ಶುರು ಮಾಡಿ, ಮಲಗುವ ಹೊತ್ತಿಗೂ ಬಿಡುತ್ತಲೇ ಇರುತ್ತದೆ. ಜನ ಮನೆ ಬಿಟ್ಟು ಮಾಳಿಗಿ ಮೇಲೆ ಹಾಸಿಗೆ ಹಾಸುವುದು ಇದಕ್ಕೇ.

ಇನ್ನು ಕಿಟಕಿ. ಒಳಕೋಣೆಗೆ ಕಿಟಕಿ ಇಡದಿದ್ದಕ್ಕೆ ಕಾಳು ಕಡಿ, ಬಂಗಾರದ ಕಾವಲೂ ಒಂದು ಕಾರಣ. ಬೆಳಕಿಗೆ ಮೇಲೊಂದು ಬೆಳಕಿಂಡಿ ಇರುತ್ತಿತ್ತು. ಬಿಸಿಗಾಳಿ ಮೇಲೇರುವುದರಿಂದ ಅದೇ ಕಿಂಡಿಯಿಂದ ಹೊರಗೂ ಹೋಗುತ್ತಿತ್ತು. ಮಳೆ ಬಂದರೆ ಯಾರೋ ಒಬ್ಬರು ಓಡಿ ಹೋಗಿ ಅದನ್ನು ಮುಚ್ಚಬೇಕು, ಅಷ್ಟೇ ತಾಪತ್ರಯ.

ದೊಡ್ಡವರ ಕಟ್ಟಡಗಳಲ್ಲೂ ಇದೇ ಲೆಕ್ಕ. 1656ರ ಸುಮಾರಿಗೆ ಮುಗಿದ ಗೋಳಗುಮ್ಮಟದ ಗೋಡೆಗಳು ಸುಮಾರು ಹತ್ತು ಅಡಿ ದಪ್ಪ. ಮೇ ತಿಂಗಳಲ್ಲಿ ಒಳಗೆ ಕಾಲಿಟ್ಟವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸಿಂದಗಿ ರಸ್ತೆಯ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಬೇಸಿಗೆಗೆಂದೇ ನೀರಿನ ನಡುವೆ ಮಹಲು ಕಟ್ಟಿಸಿದ್ದರು. ಸುಲ್ತಾನರಿಗೆ ನೀರಿನ ಮಹಲು, ರೈತನಿಗೆ ಮಾಳಿಗಿ ಮನೆಯ ಕತ್ತಲ ಕೋಣೆ.

ಹಾಗಂತ ಹಳೆ ಮನೆಯನ್ನು ಹೊಗಳುತ್ತ ಕೂಡುವಂತಿಲ್ಲ. ಪ್ರತಿ ವರ್ಷ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ಭಾರ ಹೆಚ್ಚುತ್ತದೆ, ಕೆಳಗೆ ತೊಲೆಗೆ ಗೆದ್ದಲು ಹತ್ತಿರುತ್ತದೆ. ಜಡಿಮಳೆ ಹಿಡಿದಾಗ ಗೋಡೆ ಕುಸಿದು ಜನ ಸತ್ತ ಸುದ್ದಿ ಉತ್ತರ ಕರ್ನಾಟಕದಲ್ಲಿ ಮಳೆಗಾಲದಲ್ಲಿ ಕೇಳುತ್ತಲೇ ಇರುತ್ತೇವೆ. ಜಂತಿ ಬಾಗಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಿ ಮಲಗುವುದು ಬೇಡ, ಎಷ್ಟೇ ತಂಪಿದ್ದರೂ.

ಹೊಸ ಮನೆಯಲ್ಲಿ ಏನು ಮಾಡಬಹುದು?

ಮೊದಲು ಕಾವು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ನಮ್ಮ ಭಾಗದಲ್ಲಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೂ ನೆರಳು ಬೀಳುವುದಿಲ್ಲ. ಅಂದರೆ ಹೆಚ್ಚಿನ ಪೆಟ್ಟು ಬೀಳುವುದು ಸ್ಲ್ಯಾಬಿಗೆ. ಎರಡನೆಯದು ಪಶ್ಚಿಮದ ಗೋಡೆಗೆ. ಎರಡು ಅಂತಸ್ತಿನ ಮನೆಯಾದರೆ ಕೆಳಗಿನ ಅಂತಸ್ತಿನ ಉತ್ತರ ಅಥವಾ ಪೂರ್ವದ ಕೋಣೆಯೇ ಇದಕ್ಕೆ ಸರಿ. ವಾಸ್ತು ನೋಡಿ ಯಜಮಾನನ ಕೋಣೆಯನ್ನು ನೈಋತ್ಯಕ್ಕೇ ಇಡುವವರು ಇಟ್ಟುಕೊಳ್ಳಲಿ. ಆದರೆ ಪಶ್ಚಿಮದ ಗೋಡೆ ದಪ್ಪ ಇರಲಿ, ಕಿಟಕಿ ಸಣ್ಣದಿರಲಿ, ಹೊರಗೊಂದು ಬೇವಿನ ಗಿಡ ಇರಲಿ.

ಸ್ಲ್ಯಾಬಿಗೆ ಎಲ್ಲಕ್ಕಿಂತ ಅಗ್ಗದ ಮದ್ದು ಸುಣ್ಣ. ಮೇಲೆ ಬೆಳ್ಳಗೆ ಬಳಿದರೆ ಒಳಗೆ ಎರಡರಿಂದ ಐದು ಡಿಗ್ರಿ ತನಕ ಇಳಿಯುತ್ತದೆ. ನೆರೆಯ ತೆಲಂಗಾಣ ಸರಕಾರ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು.

ಇನ್ನೊಂದು ದಾರಿ ತಿಕೋಟಾ ಭಾಗದವರಿಗೆ ಕೈಯಳತೆಯಲ್ಲೇ ಇದೆ. ಒಣದ್ರಾಕ್ಷಿ ಶೆಡ್ಡಿಗೆ ಶೇಡ್‌ನೆಟ್ ಕಟ್ಟುವುದು ಏಕೆ? ನೇರ ಬಿಸಿಲು ತಾಗಿದರೆ ಮಣೂಕ ಕಪ್ಪಾಗಿ ರೇಟು ಬೀಳುತ್ತದೆ. ನೆರಳು, ಗಾಳಿ ಎರಡೂ ಸಿಕ್ಕರೆ ಹಸಿರು ಉಳಿಯುತ್ತದೆ. ದ್ರಾಕ್ಷಿಗೆ ಮಾಡುವ ಈ ಉಪಚಾರವನ್ನು ನಾವು ಮಲಗುವ ಕೋಣೆಗೆ ಮಾಡುವುದಿಲ್ಲ! ಶೆಡ್ಡಿನಿಂದ ತೆಗೆದ ಹಳೆ ನೆಟ್ಟನ್ನೇ ಸ್ಲ್ಯಾಬಿನಿಂದ ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದರೆ ಸಾಕು. ಸ್ಲ್ಯಾಬಿಗೆ ಅಂಟಿಸಿ ಹಾಸಿದರೆ ಅಷ್ಟು ಉಪಯೋಗ ಇಲ್ಲ, ನಡುವೆ ಗಾಳಿ ಆಡಬೇಕು. ಅಂಗಡಿಯ ಪತ್ರಾಸಿನ ಮೇಲೂ ಇದನ್ನೇ ಮಾಡಬಹುದು. ಮಧ್ಯಾಹ್ನ ಅರ್ಧ ಶಟರ್ ಇಳಿಸಿ ಗೋದಾಮಿನಲ್ಲಿ ಒರಗುವ ಅಂಗಡಿಕಾರರು ಥರ್ಮಾಕೋಲ್, ಕಣಿಕೆ ಹೊದಿಕೆ ಬಿಗಿಯಲು ಹೋಗಬಾರದು. ವೈರ್ ಸುಟ್ಟರೆ ಮೊದಲು ಹೊತ್ತಿಕೊಳ್ಳುವುದು ಅವೇ.

ಕಿಟಕಿಗೆ ಪರದೆ ಒಳಗೆ ಹಾಕುವುದು ಎಲ್ಲರ ರೂಢಿ. ಗಾಜು ದಾಟಿ ಬಂದ ಬಿಸಿಲು ಆಗಲೇ ಒಳಗೆ ಬಂದಾಗಿರುತ್ತದೆ. ತಡೆಯಬೇಕಾದ್ದು ಹೊರಗೆ. ಬಿದಿರಿನ ತಟ್ಟಿ, ಗೋಣಿ ತಟ್ಟು, ಏನಾದರೂ ನಡೆಯುತ್ತದೆ. ನಮ್ಮದು ಒಣ ಬಿಸಿಲಾದ್ದರಿಂದ ಅದಕ್ಕೆ ನೀರು ಚಿಮುಕಿಸಿದರೆ ಗಾಳಿ ತಂಪಾಗುತ್ತದೆ. ಬೆಳಗ್ಗೆ ಎಂಟು ಒಂಬತ್ತರೊಳಗೆ ಕಿಟಕಿ ಮುಚ್ಚಿ, ರಾತ್ರಿ ಪೂರ್ತಿ ತೆರೆಯಬೇಕು. ಅನೇಕರು ಇದರ ಉಲ್ಟಾ ಮಾಡುತ್ತಾರೆ. ಕೂಲರ್ ಇದ್ದವರು ಮಾತ್ರ ಹಗಲಲ್ಲೂ ಒಂದು ಕಿಟಕಿ ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ಕೋಣೆ ತೇವಗಟ್ಟಿ ಮೈ ಜಿಗಿಜಿಗಿ ಆಗುತ್ತದೆ.

ಒಳಗಿನ ಬಣ್ಣ ಗಾಢವಾದರೆ ಕಾವು ಹೆಚ್ಚುತ್ತದೆ ಎಂಬ ಮಾತಿದೆ. ಬಿಸಿಲೇ ಬೀಳದ ಗೋಡೆಗೆ ಯಾವ ಬಣ್ಣವಾದರೂ ಕಾವು ಅಷ್ಟೇ. ಕೆಮ್ಮಣ್ಣು, ಕಡುಹಸಿರು, ಕಂದು, ಮನಸ್ಸಿಗೆ ಹಿತ ಎನಿಸಿದ್ದನ್ನು ಬಳಿಯಬಹುದು. ಬೆಳ್ಳಗಿರಬೇಕಾದ್ದು ಹೊರಗಿನ ಗೋಡೆ. ನೆತ್ತಿ ಮೇಲೆ ಉರಿಯುವ ಬಿಳಿ ಟ್ಯೂಬಿನ ಬದಲು ಮೂಲೆಯಲ್ಲಿ ಒಂದು ಸಣ್ಣ ಹಳದಿ ಬಲ್ಬು ಸಾಕು, ಹಳೆ ಗೋಡೆಯ ಮಾಡದಲ್ಲಿ ದೀಪ ಇಟ್ಟಂತೆ. ರಾತ್ರಿ ಪ್ರಖರ ಬಿಳಿ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಹಾಸಲು ಮನೆಯ ಕೌದಿ ಇದ್ದೇ ಇದೆ. ಹಳೆ ಸೀರೆ, ಧೋತರದ ತುಂಡು ಸೇರಿಸಿ ಹೊಲಿದ ಅದರ ಮೆತ್ತನೆ ಅಂಗಡಿಯ ಬೆಡ್‌ಶೀಟಿಗೆ ಎಲ್ಲಿ ಬರಬೇಕು. ಟಿವಿಯನ್ನು ಮಾತ್ರ ಈ ಕೋಣೆಗೆ ತರಬಾರದು.

ಕತ್ತಲು ಸರಿ, ಉಸಿರು ಕಟ್ಟಬಾರದು

ಇಂಥ ಕೋಣೆಯನ್ನು ಬಾಣಂತಿಗೆ ಬಿಟ್ಟುಕೊಡುವ ಮನೆಗಳು ಹೆಚ್ಚು. ಹೊರಸಿನ ಕೆಳಗೆ ಕೆಂಡ ಇಟ್ಟು, ಗಾಳಿ ಹೊಗಬಾರದು ಎಂದು ಬಾಗಿಲು ಸಂದಿಗೂ ಅರಿವೆ ತುರುಕುತ್ತಾರೆ. ಇದು ಜೀವಕ್ಕೆ ಅಪಾಯ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ ಎಚ್ಚರ ತಪ್ಪುವ ತನಕ ತಿಳಿಯುವುದೇ ಇಲ್ಲ. ಹಳೆ ಮನೆಯಲ್ಲಿ ಬೆಳಕಿಂಡಿ ಇತ್ತು, ಹೊಸ ಕೋಣೆಯಲ್ಲಿ ಅದೂ ಇಲ್ಲ. ಕೂಸು ಹಳದಿ ಆಗಿದೆಯೇ ಎಂದು ಕತ್ತಲಲ್ಲಿ ಕಾಣುವುದೂ ಇಲ್ಲ. ತಾಯಿ, ಕೂಸಿಗೆ ಬೆಳಕು, ಗಾಳಿ ಇರುವ ಕೋಣೆಯೇ ಬೇಕು. ಕ್ಷಯರೋಗ ಇದ್ದವರಿಗೂ ಅದೇ ಮಾತು.

ಹೊಸದಾಗಿ ಕಟ್ಟುವವರು ಕತ್ತಲ ಕೋಣೆಯ ಗೋಡೆಯಲ್ಲಿ ಮೇಲೆ, ಸ್ಲ್ಯಾಬಿನ ಹತ್ತಿರ, ಜಾಳಿಗೆ ಹಾಕಿದ ಒಂದು ಕಿಂಡಿ ಬಿಡಬೇಕು. ಎದುರಿನ ಗೋಡೆಗೆ ಕೆಳಗೊಂದು ಇರಲಿ. ಗೌಂಡಿಗೆ ಇದನ್ನು ಗೋಡೆ ಏಳುವ ಮೊದಲೇ ಹೇಳಬೇಕು, ಆಮೇಲೆ ಒಡೆದು ಮಾಡಿಸಿದರೆ ಖರ್ಚು ಎರಡು ಪಟ್ಟು. ಚೇಳು, ಹಾವಿನ ಹೆದರಿಕೆ ಇರುವ ನಮ್ಮ ಊರುಗಳಲ್ಲಿ ಜಾಳಿಗೆ ಸಣ್ಣ ಕಣ್ಣಿನದಿರಲಿ, ಮಂಚದ ಕೆಳಗೆ ಸಾಮಾನು ಒಟ್ಟುವುದು ಬೇಡ.

ಸುಣ್ಣ ಬಳಿಯಲು ಹೊತ್ತು ಇಳಿದ ಮೇಲೆ ಹತ್ತಬೇಕು, ಕಾದ ಸ್ಲ್ಯಾಬಿನ ಮೇಲೆ ಅದು ಹಿಡಿಯದೆ ಉದುರುತ್ತದೆ. ಮೊದಲು ಗುಡಿಸಿ ನೀರು ಹೊಡೆದು, ಒಂದರ ಮೇಲೊಂದು ಎರಡು ಕೈ ಬಳಿಯಬೇಕು. ಸಂಡಿಗೆ, ಹಪ್ಪಳ ಒಣಹಾಕುವ ಮನೆಯವರು ಆ ಕೆಲಸ ಮುಗಿಸಿಕೊಂಡೇ ಬಕೀಟು ಹಿಡಿಯುವುದು ಒಳ್ಳೇದು.