ಕೂಸಿನ ಹೊಟ್ಟೆ, ಹೆಪ್ಪಿನ ಗಡಗಿ

ಕುರ್ತಕೋಟಿ, ಹುಲಕೋಟಿ ಕಡೆಯ ಮನೆಗಳಲ್ಲಿ ‘ಕೂಸಿಗೆ ಹೊಟ್ಟಿ ಜಾಡಿಸಾಕತ್ತೈತಿ’ ಎಂದರೆ ಅಜ್ಜಿಯ ಕೈ ಮಜ್ಜಿಗೆ ಗಡಗಿಯತ್ತ ಹೋಗುತ್ತದೆ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ತಿಳಿಮಜ್ಜಿಗೆ ಕಲೆಸಿ, ಚಿಟಿಕೆ ಉಪ್ಪು ಹಾಕಿ ಬೆರಳಿನಿಂದ ನೆಕ್ಕಿಸುತ್ತಾಳೆ. ಅದೇ ಕೂಸನ್ನು ಗದಗಿನ ದವಾಖಾನೆಗೆ ಒಯ್ದರೆ ಚೀಟಿಯಲ್ಲಿ ಓಆರ್‌ಎಸ್, ಜಿಂಕ್ ಜೊತೆಗೆ ಹಲವು ಬಾರಿ ಪ್ರೋಬಯಾಟಿಕ್, ಅಂದರೆ ಜೀವಂತ ಸೂಕ್ಷ್ಮಜೀವಿಗಳ ಪುಡಿಯೂ ಇರುತ್ತದೆ. ‘ಇದೇನ್ರಿ, ಮೊಸರಿನ ಪುಡಿಯೇನು?’ ಎಂದು ಕೇಳುವ ತಾಯಿಯ ಪ್ರಶ್ನೆ ಚಿಕ್ಕದಲ್ಲ. ಆ ಪುಡಿಯ ಮೂಲ ಮೊಸರಿಗಿಂತ ಮೊದಲು ತಾಯಿಯ ಎದೆಹಾಲಿನಲ್ಲಿದೆ.

19ನೇ ಶತಮಾನದ ಕೊನೆಗೆ ಪ್ಯಾರಿಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿ ಆನ್ರಿ ಟಿಸ್ಸಿಯೆ ಎಂಬ ಮಕ್ಕಳ ವೈದ್ಯ ಎಳೆಗೂಸುಗಳ ಮಲವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದ. ಎದೆಹಾಲು ಕುಡಿಯುವ ಮಕ್ಕಳಲ್ಲಿ ಕವಲೊಡೆದ ಕಡ್ಡಿಯಂಥ ಒಂದು ಜೀವಿ ಹೇರಳವಾಗಿತ್ತು. ಭೇದಿಯಾದ ಮಕ್ಕಳಲ್ಲಿ ಅದು ಕಡಿಮೆ. ಅದೇ ಇಂದಿನ ಬೈಫಿಡೋಬ್ಯಾಕ್ಟೀರಿಯಾ. ಭೇದಿಯ ಕೂಸಿಗೆ ಇದನ್ನೇ ಕುಡಿಸಿದರೆ ಹೇಗೆ ಎಂದು ಆತ ಯೋಚಿಸಿದ್ದ. ಎದೆಹಾಲಿನ ಕೂಸುಗಳಲ್ಲಿ ಈ ಜೀವಿ ಹೇರಳವಾಗಿರುವ ಗುಟ್ಟು ತಿಳಿದದ್ದು ಬಹಳ ತಡವಾಗಿ. ಎದೆಹಾಲಿನಲ್ಲಿ ಕೂಸಿಗೆ ಅರಗದ ಒಂದು ಬಗೆಯ ಸಕ್ಕರೆ ಇದೆ. ಅರಗದ್ದನ್ನು ತಾಯಿಯ ಮೈ ಯಾಕೆ ತಯಾರಿಸಬೇಕು? ಅದು ಕೂಸಿನ ಕರುಳಲ್ಲಿ ನೆಲೆಸುವ ಈ ಜೀವಿಗಳ ಊಟ. ತಾಯಿ ಕೂಸಿನ ಜೊತೆಗೆ ಅದರ ಕರುಳಿನ ಕಾವಲುಗಾರರಿಗೂ ಉಣಿಸುತ್ತಾಳೆ ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡ ಸಂಗತಿ.

ಮೊಸರಿನ ಸರದಿ ಬಂದದ್ದು ಬಲ್ಗೇರಿಯದಿಂದ. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿ ಹೆಪ್ಪಿನ ಜೀವಿಯನ್ನು ಗುರುತಿಸಿದ. ಆಮೇಲೆ ವಿಜ್ಞಾನಿ ಇಲ್ಯಾ ಮೆಚ್ನಿಕೋವ್ ಹುಳಿಹಾಲನ್ನು ದೀರ್ಘಾಯುಸ್ಸಿನ ಆಹಾರವೆಂದು ಸಾರಿದರು. 1930ರಲ್ಲಿ ಜಪಾನಿನ ಮಿನೋರು ಶಿರೋಟ ಕರುಳಿನವರೆಗೆ ಬದುಕುಳಿಯುವ ತಳಿಯನ್ನು ಬೇರ್ಪಡಿಸಿ ಬೆಳೆಸಿದರು. ಅದು 1935ರಲ್ಲಿ ಯಾಕುಲ್ಟ್ ಆಗಿ ಮಾರಾಟಕ್ಕೆ ಬಂತು. ಅಂಗಡಿಯ ದಾರಿ ಅಲ್ಲಿಂದ ತೆರೆಯಿತು.

ನಮ್ಮ ದೇಶದ ದೊಡ್ಡ ಪುರಾವೆ ಒಡಿಶಾದ ಹಳ್ಳಿಗಳಿಂದ ಬಂದಿದೆ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದರ ಆಹಾರವಾದ ಸಕ್ಕರೆಯ ಜೊತೆ ಏಳು ದಿನ ಕೊಟ್ಟ ಶಿಶುಗಳಲ್ಲಿ ನಂಜು ಅಥವಾ ಸಾವು ಶೇ 5.4, ಕೊಡದವರಲ್ಲಿ ಶೇ 9. ಆ ಶಿಶುಗಳು ಎದೆಹಾಲು ಕುಡಿಯುತ್ತಿದ್ದವು ಎಂಬುದನ್ನು ಮರೆಯಬಾರದು.

ಆದರೆ ಒಂದು ತಳಿಯ ಗುಣ ಇನ್ನೊಂದಕ್ಕೆ ಬರುವುದಿಲ್ಲ. 2018ರಲ್ಲಿ ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಅಧ್ಯಯನಗಳು ವಾಂತಿ-ಭೇದಿಯಾದ ಚಿಕ್ಕಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಇರುವ ಪ್ರೋಬಯಾಟಿಕ್ ಕೊಟ್ಟು ನೋಡಿದವು. ಕೊಡದವರಿಗಿಂತ ಬೇಗ ಗುಣವಾಗಲಿಲ್ಲ. ಅವಧಿಗೆ ಮೊದಲು ಹುಟ್ಟಿದ, ತೀರ ಬಡಕಲಾದ ಶಿಶುವಿಗೆ ಜೀವಂತ ಸೂಕ್ಷ್ಮಜೀವಿ ಅಪಾಯವೂ ಆಗಬಹುದು. ಆದ್ದರಿಂದ ದುಬಾರಿ ಪುಡಿಯನ್ನು ನಾವೇ ಹೋಗಿ ಕೊಳ್ಳುವುದು ಸರಿಯಲ್ಲ.

ಅಜ್ಜಿಯ ಮಜ್ಜಿಗೆ ಔಷಧವಲ್ಲ, ಆದರೆ ಒಳ್ಳೆಯ ಆಹಾರ. ಹೆಪ್ಪಿನ ಜೀವಿಗಳು ಹಾಲಿನ ಸಕ್ಕರೆಯನ್ನು ಅರಗಿಸಲು ನೆರವಾಗುತ್ತವೆ. ನುಚ್ಚು, ಮಜ್ಜಿಗೆ ಆರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಎದೆಹಾಲು ಮಾತ್ರ.

ಹೊಟ್ಟೆ ಜಾಡಿಸಿದರೆ ಊಟ, ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ಶುದ್ಧ ನೀರಿನಲ್ಲಿ ಪೂರ್ತಿ ಕಲಸಿ, ಚಮಚದಲ್ಲಿ ಸ್ವಲ್ಪಸ್ವಲ್ಪ ಕುಡಿಸಿ; ವೈದ್ಯರು ಹೇಳಿದಂತೆ 14 ದಿನ ಜಿಂಕ್ ಕೊಡಿ. ಎರಡೂ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತವೆ. ಕೂಸಿನ ಕಣ್ಣು ಗುಳಿಬಿದ್ದರೆ, ಕುಡಿಯಲಾರದೆ ಸುಸ್ತಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಿರಿ.