ದೊಡ್ಡ ಗಿರಾಕಿ ಬೇಡವೆಂದ ಯಂತ್ರ

ತೋಟಕ್ಕೆ ರಸ್ತೆ ತೆಗೆಯಬೇಕಾದರೂ, ಬಸಿಗಾಲುವೆ ತೋಡಬೇಕಾದರೂ ಈಗ ನಾವೆಲ್ಲ 'ಜೆ.ಸಿ.ಬಿ. ಕರೆಸಿ' ಎನ್ನುತ್ತೇವೆ. ಈ ಮೂರಕ್ಷರ ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲಕ್ಷರಗಳು. ಇಂಥ ಯಂತ್ರಗಳ ಚರಿತ್ರೆಯಿಂದ ಒಂದು ಪಾಠ ಹೆಕ್ಕಿ ತೆಗೆದವರು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಕ್ಲೇಟನ್ ಕ್ರಿಸ್ಟೆನ್‌ಸನ್ (1952–2020). ಗಿರಾಕಿಯ ಮಾತು ಕೇಳಿ, ಲೆಕ್ಕಪತ್ರ ಸರಿಯಾಗಿಟ್ಟು ನಡೆಯುವ ಸಂಸ್ಥೆಗಳೂ ಹೊಸ ತಂತ್ರ ಬಂದಾಗ ಏಕೆ ಮುಗ್ಗರಿಸುತ್ತವೆ? ಇದೇ ಅವರ ಪ್ರಶ್ನೆ.

ಹಿಂದೆ ಮಣ್ಣಗೆಯುವ ಯಂತ್ರಗಳು ಉಕ್ಕಿನ ಹಗ್ಗದಿಂದ ನಡೆಯುತ್ತಿದ್ದವು. ಎರಡನೆಯ ಮಹಾಯುದ್ಧದ ತರುವಾಯ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರ ಬಂತು. ಮೊದಲಿಗೆ ಅದರ ಬಕೆಟ್ ಹಿಡಿಯುತ್ತಿದ್ದುದು ಕಾಲು ಘನಗಜ ಮಣ್ಣು ಮಾತ್ರ. ಗಣಿಯವರೂ ದೊಡ್ಡ ಕಂತ್ರಾಟುದಾರರೂ ಅದನ್ನು ಮೂಸಿಯೂ ನೋಡಲಿಲ್ಲ. ಅಲ್ಲಿಯವರೆಗೆ ಕೈಯಿಂದಲೇ ಸಣ್ಣ ಚರಂಡಿ ತೋಡುತ್ತಿದ್ದವರು ಮಾತ್ರ ಕೊಂಡರು. ವರ್ಷ ಕಳೆದಂತೆ ಬಕೆಟ್ ದೊಡ್ಡದಾಯಿತು. 1950ರ ದಶಕದಲ್ಲಿದ್ದ ಸುಮಾರು 30 ಹಗ್ಗದ ಯಂತ್ರ ತಯಾರಕರ ಪೈಕಿ 1970ರ ದಶಕದ ವೇಳೆಗೆ ಹೈಡ್ರಾಲಿಕ್‌ಗೆ ಹೊರಳಿ ನಿಂತವರು ನಾಲ್ವರೇ ಎಂದು ಪ್ರಾಧ್ಯಾಪಕರು ಲೆಕ್ಕ ಕೊಡುತ್ತಾರೆ. ಗಣಕಯಂತ್ರದ ಡಿಸ್ಕ್ ತಯಾರಕರದೂ ಇದೇ ಕಥೆ. 14 ಅಂಗುಲದ ಡಿಸ್ಕ್ ಮಾಡುತ್ತಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಕಂಪನಿಗಳು 8 ಅಂಗುಲದ್ದನ್ನು ಹೊರತರಲೇ ಇಲ್ಲ.

ಇವರು ಸೋಮಾರಿಗಳಲ್ಲ, ಅಜ್ಞಾನಿಗಳೂ ಅಲ್ಲ. ದೊಡ್ಡ ಗಿರಾಕಿಗಳನ್ನು ಕೇಳಿದರು, ಅವರು ಬೇಡವೆಂದರು. ಸಣ್ಣ ಗಿರಾಕಿಯಿಂದ ಲಾಭ ಕಡಿಮೆ ಎಂದು ಕೈಬಿಟ್ಟರು. 1997ರಲ್ಲಿ ಬಂದ ಅವರ 'ದಿ ಇನ್ನೋವೇಟರ್ಸ್ ಡೈಲೆಮಾ' ಪುಸ್ತಕದ ಸಾರ ಇಷ್ಟೇ.

ಎಲ್ಲರೂ ಇದನ್ನು ಒಪ್ಪಿಲ್ಲ. ಹಾರ್ವರ್ಡಿನ ಇತಿಹಾಸಕಾರ್ತಿ ಜಿಲ್ ಲೆಪೋರ್ 2014ರಲ್ಲಿ ಅವರ ಉದಾಹರಣೆಗಳನ್ನೇ ಪ್ರಶ್ನಿಸಿದರು. 2007ರಲ್ಲಿ ಐಫೋನ್ ಗೆಲ್ಲುವುದಿಲ್ಲವೆಂದು ಪ್ರಾಧ್ಯಾಪಕರೇ ಹೇಳಿ ತಪ್ಪಿದ್ದರು. ಆದುದರಿಂದ ಇದು ಪಂಚಾಂಗದ ಭವಿಷ್ಯವಲ್ಲ, ಎಚ್ಚರಿಕೆಯ ಮಾತು.

ಆ ಎಚ್ಚರಿಕೆ ನಮಗೂ ತಗಲುತ್ತದೆ. ನೆಲದಲ್ಲಿ ನಿಂತೇ ಔಷಧಿ ಹೊಡೆಯುವ, ಕೊನೆ ಕೊಯ್ಯುವ ದೋಟಿಯ ಮಾತು ನಮ್ಮ ಆಡಳಿತ ಮಂಡಳಿಯಲ್ಲಿ ಮೊದಲು ಬಂದಾಗ, ಭಾರ ಹೆಚ್ಚು, ಎತ್ತರದ ಮರಕ್ಕೆ ಎಟುಕದು ಎಂದು ನಾವೇ ಬದಿಗಿಟ್ಟೆವು. ಅಭಿಪ್ರಾಯ ಕೇಳಿದ್ದು ಹೆಚ್ಚು ಅಡಿಕೆ ತರುವ ಸದಸ್ಯರನ್ನು. ಅವರಿಗೆ ಖಾಯಂ ಕೊನೆಗಾರರಿದ್ದರು. ಎರಡೆಕರೆಯ ಸದಸ್ಯನನ್ನು ಕೇಳಲಿಲ್ಲ. ಮರ ಹತ್ತುವವರ ಸರದಿ ಕಾಯುತ್ತ ಅವನ ಬೋರ್ಡೋ ಸಿಂಪಡಣೆ ತಡವಾಯಿತು, ಕೊಳೆರೋಗಕ್ಕೆ ಕಾಯಿ ಉದುರಿತು. ಮುಂದೆ ಹಗುರವಾದ ಕಾರ್ಬನ್ ಫೈಬರ್ ದೋಟಿ ಬಂತು. ಈಗ ದೊಡ್ಡ ತೋಟದವರೂ ಅದನ್ನೇ ಕೇಳುತ್ತಿದ್ದಾರೆ.

ಬರುವ ಮಹಾಸಭೆಯಲ್ಲಿ ಬಾಡಿಗೆ ದೋಟಿ ಹಾಗೂ ತರಬೇತಾದ ತಂಡದ ವಿಷಯ ಚರ್ಚೆಗೆ ಬರಲಿದೆ. ಸಣ್ಣ ಹಿಡುವಳಿಯ ಸದಸ್ಯ ಬಾಂಧವರು ಹಿಂದಿನ ಸಾಲಿನಲ್ಲಿ ಕುಳಿತು ಕಾಫಿ ಕುಡಿದು ಹೋಗಬಾರದು, ಎದ್ದು ನಿಂತು ಮಾತನಾಡಬೇಕು. ಈ ಸಲ ಮೊದಲು ನಿಮ್ಮನ್ನೇ ಕೇಳುತ್ತೇವೆ.